ಶಿಳ್ಳೆ ಬೀಳದ ಹೆಸರುಗಳು

ಸಿನಿಮಾ ಪ್ರಶಸ್ತಿ ಸಮಾರಂಭ ಎಂದರೆ ಕಣ್ಣಮುಂದೆ ಬರುವುದು ತಾರೆಯರ ಕುಣಿತ, ನಿರೂಪಕರ ಹಾಸ್ಯ, ನಡುನಡುವೆ ಜಾಹೀರಾತು. ದೂರದರ್ಶನದಲ್ಲಿ ಬರುವ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ಪ್ರದಾನದ ರೀತಿಯೇ ಬೇರೆ. ಹೆಸರು ಕರೆಯುತ್ತಾರೆ, ವಿಜೇತರು ಬಂದು ರಾಷ್ಟ್ರಪತಿಯವರಿಂದ ಪದಕ ಪಡೆಯುತ್ತಾರೆ, ಫೋಟೊಗೆ ನಿಂತು ಹೋಗುತ್ತಾರೆ. ಆಮೇಲೆ ಮುಂದಿನ ಹೆಸರು. ಥೇಟ್ ಘಟಿಕೋತ್ಸವದ ಹಾಗೆ!

2024ರ ಅಕ್ಟೋಬರ್ 8ರಂದು ದೆಹಲಿಯ ವಿಜ್ಞಾನ ಭವನದಲ್ಲಿ 70ನೇ ರಾಷ್ಟ್ರೀಯ ಪ್ರಶಸ್ತಿ ಪ್ರದಾನವಾದಾಗ, ಬಿಟಿಎಂ ಲೇಔಟ್‌ನ ನಮ್ಮ ಪಿ.ಜಿ.ಯ ಟಿ.ವಿ. ಮುಂದೆ ಏಳೆಂಟು ಮಂದಿ ಸೇರಿದ್ದೆವು. ಅಂದೇ ಹರಿಯಾಣ, ಜಮ್ಮು–ಕಾಶ್ಮೀರದ ಮತ ಎಣಿಕೆ. ರಿಮೋಟ್‌ಗಾಗಿ ಜಗಳವಾಗಿ ಚಾನೆಲ್ ಬದಲಾಗಿದ್ದು ‘ಕಾಂತಾರ’ದ ರಿಷಬ್ ಶೆಟ್ಟಿ ಅವರಿಗಾಗಿ. ಕನ್ನಡ ಚಿತ್ರಕ್ಕೆ ಅತ್ಯುತ್ತಮ ನಟ ಪ್ರಶಸ್ತಿ ಬರುವುದು ಅಪರೂಪ. ‘ಚೋಮನ ದುಡಿ’ಯ ವಾಸುದೇವ ರಾವ್, ‘ತಬರನ ಕಥೆ’ಯ ಚಾರುಹಾಸನ್, ‘ನಾನು ಅವನಲ್ಲ ಅವಳು’ ಚಿತ್ರದ ಸಂಚಾರಿ ವಿಜಯ್ ಅವರ ಸಾಲಿಗೆ ರಿಷಬ್ ಸೇರಿದ್ದರು. ಶಿಳ್ಳೆ ಬೀಳಲೇಬೇಕಿತ್ತು, ಬಿತ್ತು.

ಅಂದು ‘ಮಧ್ಯಂತರ’ ಎಂಬ ಕನ್ನಡ ಕಿರುಚಿತ್ರಕ್ಕೂ ಎರಡು ಪ್ರಶಸ್ತಿಗಳಿದ್ದವು. ಚೊಚ್ಚಲ ನಿರ್ದೇಶನಕ್ಕೆ ಬಸ್ತಿ ದಿನೇಶ್ ಶೆಣೈ, ಸಂಕಲನಕ್ಕೆ ಸುರೇಶ್ ಅರಸ್. ‘ಅರಸ್ ಅಂದ್ರೆ ಯಾರಪ್ಪಾ?’ ಎಂದು ಗೆಳೆಯನೊಬ್ಬ ಕೇಳಿದ. ‘ರೋಜಾ’, ‘ಬಾಂಬೆ’, ‘ದಿಲ್ ಸೇ’ ಚಿತ್ರಗಳನ್ನು ಹತ್ತಾರು ಸಲ ನೋಡಿದವನು ಅವನು. ಮಣಿರತ್ನಂ ಅವರ ಆ ಮೂರೂ ಚಿತ್ರಗಳ ಸಂಕಲನಕಾರ ಇದೇ ಕನ್ನಡಿಗ. ‘ಬಾಂಬೆ’ಯ ಸಂಕಲನಕ್ಕೂ ರಾಷ್ಟ್ರ ಪ್ರಶಸ್ತಿ ಪಡೆದವರು.

ರಿಷಬ್ ಅವರಿಗೂ ಅರಸ್ ಅವರಿಗೂ ಸಿಕ್ಕಿದ್ದು ರಜತ ಕಮಲವೇ. ವೇದಿಕೆಯಲ್ಲಿ ಇಲ್ಲದ ಭೇದ ನಮ್ಮ ಹಾಲ್‌ನ ಚಪ್ಪಾಳೆಯಲ್ಲಿತ್ತು.

ಕೆಲಸ ಹುಡುಕುತ್ತಿರುವ ನಮ್ಮಂಥವರು ಯೋಚಿಸಬೇಕಾದ ವಿಷಯವಿದು. ಸಿನಿಮಾಕ್ಕೆ ಹೋಗುತ್ತೇನೆ ಎಂದರೆ ‘ಹೀರೊ ಆಗ್ತೀಯಾ?’ ಎಂದು ಮನೆಯವರು ನಗುತ್ತಾರೆ. ಸಂಕಲನ, ಶಬ್ದಗ್ರಹಣ, ವಸ್ತ್ರವಿನ್ಯಾಸ, ಸಾಹಸ ನಿರ್ದೇಶನ ಎಲ್ಲವೂ ಕಲಿತು ಮಾಡುವ ಉದ್ಯೋಗಗಳೇ. ಛಾಯಾಗ್ರಹಣ, ಶಬ್ದಗ್ರಹಣ ಕಲಿಸಲು ನಗರದ ಹೊರವಲಯದ ಹೆಸರಘಟ್ಟದಲ್ಲಿ ಸರ್ಕಾರಿ ಸಂಸ್ಥೆಯೇ ಇದೆ.

ತಾಳ್ಮೆಯ ಪಾಠವೂ ಇಲ್ಲಿದೆ. ಅಂದು ಕೊಟ್ಟಿದ್ದು 2022ರ ಚಿತ್ರಗಳ ಪ್ರಶಸ್ತಿ. ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುವ ನಮಗೆ ಎರಡು ವರ್ಷದ ಕಾಯುವಿಕೆ ಹೊಸದೇನಲ್ಲ. ‘ಬಾಂಬೆ’ ತೆರೆಕಂಡದ್ದು 1995ರಲ್ಲಿ. ಅಷ್ಟು ವರ್ಷಗಳ ನಂತರವೂ ಅರಸ್, ಹೊಸ ನಿರ್ದೇಶಕರೊಬ್ಬರ ಕಿರುಚಿತ್ರಕ್ಕೆ ಅದೇ ಶ್ರದ್ಧೆಯಿಂದ ಕುಳಿತರಲ್ಲ, ಅದು ದೊಡ್ಡದು.

ಇನ್ನು ಮುಂದೆ ಜಯನಗರದಲ್ಲೋ ಜೆ.ಪಿ. ನಗರದಲ್ಲೋ ಸಿನಿಮಾ ಮುಗಿದು ಹೆಸರುಗಳು ಓಡುವಾಗ ಎರಡು ನಿಮಿಷ ಕುಳಿತು ಓದೋಣ. ಮುಂದೊಂದು ದಿನ ನಮ್ಮಲ್ಲೊಬ್ಬರ ಹೆಸರೂ ಅಲ್ಲಿರಬಹುದು.