ವೃದ್ಧರಾದ ರೈತರ ಯೋಗಕ್ಷೇಮ: ಗ್ರಾಮದ ಮುಖಂಡರಿಗೂ ಜಮೀನುದಾರರಿಗೂ ಒಂದು ವಿಜ್ಞಾಪನೆ

ಬಿತ್ತನೆಯ ಬೀಜ, ಗೊಬ್ಬರ, ದನಕರುಗಳ ಪೋಷಣೆ ಮೊದಲಾದ ವಿಷಯಗಳಿಗೆ ಮೀಸಲಾದ ಈ ಪತ್ರಿಕೆಯಲ್ಲಿ ವೃದ್ಧರ ಸಂಗತಿಯನ್ನು ಎತ್ತುವುದು ಅಪ್ರಕೃತವೆಂದು ಕೆಲವು ವಾಚಕರಿಗೆ ತೋರಬಹುದು. ಆದರೆ ಭೂಮಿಯನ್ನು ಹದಮಾಡಿ ನಮ್ಮ ಕೈಗೆ ಒಪ್ಪಿಸಿದವರು ಅವರೇ ಆದುದರಿಂದ, ಭೂಮಿಯ ವಿಚಾರವನ್ನು ಹೇಳುವವನು ಅವರ ವಿಚಾರವನ್ನು ಬಿಡುವುದು ನ್ಯಾಯವಲ್ಲ. ಅದೂ ಅಲ್ಲದೆ, ಈ ವಿಷಯದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿಯೂ ಇದೆ.

ಕೆಲವು ವರ್ಷಗಳ ಹಿಂದೆ ಒಂದು ಗ್ರಾಮದಲ್ಲಿ ರೈತರ ಸಭೆ ಸೇರಿದ್ದಾಗ, ಜಮೀನು ತಂದೆಯ ಹೆಸರಿನಲ್ಲಿದ್ದು ಸಾಗುವಳಿಯನ್ನು ಮಕ್ಕಳು ನಡೆಸುತ್ತಿದ್ದರೆ ಸಹಾಯಧನ ಪಡೆಯುವುದಕ್ಕೆ ತೊಡಕಾಗುವುದೆಂದೂ, ಆದಷ್ಟು ಬೇಗನೆ ಖಾತೆ ಬದಲಾಯಿಸಿಕೊಳ್ಳುವುದು ಲೇಸೆಂದೂ ನಾನು ಹೇಳಿದೆನು. ಖಾತೆ ಬದಲಾದ ಮೇಲೆ ತಂದೆಯ ಊಟದ ಗತಿಯೇನೆಂಬುದನ್ನು ಕುರಿತು ಒಂದು ಮಾತನ್ನೂ ಆಡಲಿಲ್ಲ. ಆ ಸಭೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ಯಜಮಾನರಿದ್ದರು. ರಾಗಿಯ ತೆನೆಯನ್ನು ಆರಿಸಿ ಬೀಜಕ್ಕೆ ಇಡುವುದರಲ್ಲಿ ಅವರಿಗೆ ಸಮಾನರು ಆ ಹೋಬಳಿಯಲ್ಲಿರಲಿಲ್ಲ. ಅವರು ನನ್ನ ಮಾತನ್ನು ನಂಬಿ, ತಮ್ಮ ಸ್ವಯಾರ್ಜಿತವಾದ ಜಮೀನನ್ನು ಇಬ್ಬರು ಮಕ್ಕಳಿಗೆ ದಾನಪತ್ರದ ಮೂಲಕ ಬರೆದುಕೊಟ್ಟರು.

ಕಳೆದ ಮುಂಗಾರಿನಲ್ಲಿ ಬಿತ್ತನೆಯ ಪರಿಶೀಲನೆಗಾಗಿ ಅದೇ ಗ್ರಾಮಕ್ಕೆ ಹೋದಾಗ, ಅವರು ಗುಡಿಯ ಜಗಲಿಯ ಮೇಲೆ ಒಬ್ಬರೇ ಕುಳಿತಿದ್ದರು. “ಯಜಮಾನರೇ, ಕ್ಷೇಮವೇ?” ಎಂದು ಕೇಳಿದೆನು. “ಈ ತಿಂಗಳು ದೊಡ್ಡವನ ಸರದಿ, ಸ್ವಾಮಿ, ಅವನು ಸಂಸಾರ ಕಟ್ಟಿಕೊಂಡು ಬೆಂಗಳೂರಿಗೆ ಹೋಗಿದ್ದಾನೆ. ಚಿಕ್ಕವನ ಸರದಿ ಬರುವುದಕ್ಕೆ ಇನ್ನೂ ಹನ್ನೊಂದು ದಿನ ಇದೆ” ಎಂದರು. ನನ್ನ ಪುಸ್ತಕವನ್ನು ತೆರೆದು ನೋಡಿದೆನು. ಮಕ್ಕಳಿಬ್ಬರ ಹೆಸರೂ ಇತ್ತು, ಅವರದಿರಲಿಲ್ಲ. ಪಹಣಿಯಿಂದ ಹೆಸರು ಹೋದೊಡನೆ ನಮ್ಮ ಪಟ್ಟಿಯಿಂದಲೂ ಹೋಗಿತ್ತು. ಕಾನೂನಿನ ಪ್ರಕಾರ ಅರ್ಜಿ ಕೊಡಬಹುದೆಂದು ನಾನು ಹೇಳಲು, ಆ ವೃದ್ಧರು, “ಮಗನ ಮೇಲೆ ಅರ್ಜಿ ಕೊಟ್ಟ ಮೇಲೆ ಆ ಮನೆಯ ಅನ್ನ ಗಂಟಲಿನಲ್ಲಿ ಇಳಿದೀತೇ?” ಎಂದರು. ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವು ಗ್ರಾಮದ ಹಿರಿಯರಲ್ಲಿದೆಯೆಂದು ತಿಳಿದು ಈ ಲೇಖನವನ್ನು ಬರೆದಿದ್ದೇನೆ.

ವೃದ್ಧರಿಗೆ ಸಹಾಯವೇ ಇಲ್ಲವೆನ್ನುವುದು ಸರಿಯಲ್ಲ. ಬಡತನದ ರೇಖೆಗಿಂತ ಕೆಳಗಿರುವ ಕುಟುಂಬಗಳಲ್ಲಿ 60 ವರ್ಷ ತುಂಬಿದವರಿಗೆ ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನವುಂಟು. 2007ನೆಯ ಇಸವಿಯಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ ಯೋಜನೆಯು 65 ವರ್ಷ ದಾಟಿದ ಸಣ್ಣ ಹಿಡುವಳಿದಾರರಿಗೂ ಕೃಷಿ ಕಾರ್ಮಿಕರಿಗೂ ವರಮಾನದ ಮಿತಿಗೊಳಪಟ್ಟು ಮಾಸಾಶನವನ್ನು ಒದಗಿಸುತ್ತದೆ. ಇವೆರಡಕ್ಕೂ ಹೋಬಳಿಯ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದು. ವೃದ್ಧರ ಆರೋಗ್ಯಪಾಲನೆಗಾಗಿ 2010–11ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮವು ಜಿಲ್ಲಾ ಆಸ್ಪತ್ರೆಯಿಂದ ಪ್ರಾಥಮಿಕ ಆರೋಗ್ಯ ಕೇಂದ್ರದವರೆಗೆ ಏರ್ಪಾಡನ್ನು ಉದ್ದೇಶಿಸಿದೆ. ಹಾಸಿಗೆ ಹಿಡಿದ ಅತ್ತೆಮಾವಂದಿರನ್ನು ನೋಡಿಕೊಳ್ಳುವ ಸೊಸೆಗೆ ಮೊದಲ ಆಸರೆ ಆಶಾ ಕಾರ್ಯಕರ್ತೆಯೇ. ಇಷ್ಟಲ್ಲದೆ, 14567 ಎಂಬ ಸಂಖ್ಯೆಗೆ ಬೆಳಿಗ್ಗೆ 8 ಗಂಟೆಯಿಂದ ರಾತ್ರಿ 8 ಗಂಟೆಯವರೆಗೆ ದೂರವಾಣಿ ಮಾಡಿದರೆ, ಹಿರಿಯರಿಗಾಗಿಯೇ ಇರುವ ಸಹಾಯವಾಣಿಯವರು ಖರ್ಚಿಲ್ಲದೆ ದಾರಿ ತೋರಿಸುತ್ತಾರೆ.

ಇವೆಲ್ಲಕ್ಕೂ ಮಿಗಿಲಾದುದು 2007ನೆಯ ಇಸವಿಯ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣದ ಅಧಿನಿಯಮ. ಇದರ ಮೇರೆಗೆ, ತಮ್ಮ ಜೀವನವನ್ನು ತಾವೇ ಸಾಗಿಸಲಾರದ ತಂದೆತಾಯಿಗಳು ಪ್ರಾಪ್ತವಯಸ್ಕರಾದ ಮಕ್ಕಳಿಂದ ಪೋಷಣೆಯನ್ನು ಕೇಳಬಹುದು. ಮಕ್ಕಳಿಲ್ಲದವರು ತಮ್ಮ ಆಸ್ತಿಗೆ ವಾರಸುದಾರರಾಗತಕ್ಕ ಬಂಧುಗಳಿಂದ ಕೇಳಬಹುದು. ನಮ್ಮ ರಾಜ್ಯದಲ್ಲಿ ಉಪವಿಭಾಗದ ಅಸಿಸ್ಟೆಂಟ್ ಕಮಿಷನರವರೇ ಇದರ ನ್ಯಾಯಮಂಡಳಿಯ ಅಧ್ಯಕ್ಷರು. ಅಧಿನಿಯಮವು ಜೀವನಾಂಶಕ್ಕೆ ತಿಂಗಳಿಗೆ 10,000 ರೂಪಾಯಿಗಳ ಮಿತಿಯನ್ನು ಇಟ್ಟಿದೆ. ನೋಟೀಸು ಜಾರಿಯಾದ 90 ದಿನಗಳೊಳಗೆ ಅರ್ಜಿಯು ತೀರ್ಮಾನವಾಗಬೇಕೆಂದೂ, ವಿಶೇಷ ಸಂದರ್ಭದಲ್ಲಿ ಒಮ್ಮೆ 30 ದಿನ ಮುಂದಕ್ಕೆ ಹಾಕಬಹುದೆಂದೂ ವಿಧಿಸಿದೆ. ವೃದ್ಧರು ಅಶಕ್ತರಾಗಿದ್ದರೆ ಅವರು ಒಪ್ಪಿಸಿದ ಬೇರೊಬ್ಬರೂ ಅರ್ಜಿ ಕೊಡಬಹುದು. ವಿಚಾರಣೆಗೆ ಮುಂಚೆ ಸಂಧಾನಕ್ಕೆ ಕಳುಹಿಸುವ ಏರ್ಪಾಡೂ ಉಂಟು.

ಹೀಗಿರಲಾಗಿ ಸಹಾಯವು ಮನೆ ಮುಟ್ಟುವುದಿಲ್ಲವೇಕೆ? ದಾರಿಯನ್ನು ಹುಡುಕುವ ಭಾರವನ್ನು ನಡೆಯಲಾರದವರ ಮೇಲೆಯೇ ಹೊರಿಸಿರುವುದೇ ಕಾರಣವೆಂದು ನನ್ನ ಅಭಿಪ್ರಾಯ. ವಯಸ್ಸಿಗೆ ದಾಖಲೆಯಿಲ್ಲ, ಆಧಾರ್ ಚೀಟಿಯಲ್ಲಿ ಯಾರೋ ಅಂದಾಜಿನಿಂದ ಬರೆಸಿದ ವಯಸ್ಸೇ ಪ್ರಮಾಣವಾಗಿ, ನಿಜವಾಗಿ ಎಪ್ಪತ್ತಾದವರು ಕಾಗದದಲ್ಲಿ ಐವತ್ತೆಂಟರಲ್ಲಿಯೇ ನಿಂತಿರುತ್ತಾರೆ. ಐವತ್ತು ವರ್ಷ ಕುಡುಗೋಲು ಗುದ್ದಲಿ ಹಿಡಿದ ಕೈಯ ಬೆರಳಿನ ಗೆರೆಗಳು ಸವೆದಿರುವುದರಿಂದ, ಹಣ ಕೊಡುವಲ್ಲಿರುವ ಯಂತ್ರವು ಅವರನ್ನು ಗುರುತಿಸುವುದಿಲ್ಲ. ದುಡಿಮೆಯ ಗುರುತೇ ದುಡಿದವನ ಮಾಸಾಶನಕ್ಕೆ ಅಡ್ಡಿಯಾಗುವುದು ಎಂತಹ ವಿಪರ್ಯಾಸ! ಜೊತೆಯಲ್ಲಿ ಒಬ್ಬ ತಿಳಿದವನಿದ್ದರೆ ಕಣ್ಣಿನ ಗುರುತಿನಿಂದಲಾದರೂ ಕೆಲಸವಾಗುವ ದಾರಿಯನ್ನು ವಿಚಾರಿಸಬಹುದು. ಒಬ್ಬರೇ ಹೋದವರು ಹಿಂದಿರುಗಿ ಬರುತ್ತಾರೆ.

ಆದಕಾರಣ ಗ್ರಾಮದ ಮುಖಂಡರಲ್ಲಿಯೂ ಜಮೀನುದಾರರಲ್ಲಿಯೂ ಕೆಲವು ಸೂಚನೆಗಳನ್ನು ಅರಿಕೆ ಮಾಡುತ್ತೇನೆ.

ಮೊದಲನೆಯದಾಗಿ, ಜೀವಿತಕಾಲದಲ್ಲಿ ಜಮೀನನ್ನು ಪೂರ್ತಿಯಾಗಿ ಬರೆದುಕೊಡಲು ಆತುರಪಡಬಾರದು. ವಿಭಾಗವಾಗುವಾಗ ತಂದೆತಾಯಿಗಳು ತಮ್ಮ ಪಾಲನ್ನು ತಮ್ಮ ಹೆಸರಿನಲ್ಲಿಯೇ ಉಳಿಸಿಕೊಳ್ಳುವುದು ಕ್ಷೇಮ. ಸ್ವಯಾರ್ಜಿತವಾದುದಕ್ಕೆ ಉಯಿಲು ಬರೆದಿಟ್ಟರೆ ಅದು ಅವರ ಕಾಲಾನಂತರವೇ ಜಾರಿಗೆ ಬರುವುದು. ದಾನಪತ್ರವನ್ನೇ ಮಾಡಬೇಕಾದಲ್ಲಿ, ಪಡೆದವನು ಅನ್ನ, ವಸತಿ, ಔಷಧಗಳನ್ನು ನಡೆಸಿಕೊಡತಕ್ಕದ್ದೆಂಬ ಷರತ್ತನ್ನು ಪತ್ರದಲ್ಲಿಯೇ ಸ್ಪಷ್ಟವಾಗಿ ಬರೆಯಿಸಬೇಕು. ಅಂತಹ ಷರತ್ತು ತಪ್ಪಿದಲ್ಲಿ ಪತ್ರವನ್ನು ಅನೂರ್ಜಿತವೆಂದು ಸಾರುವ ಅಧಿಕಾರವನ್ನು ಅಧಿನಿಯಮದ 23ನೆಯ ಪ್ರಕರಣವು ನ್ಯಾಯಮಂಡಳಿಗೆ ಕೊಟ್ಟಿದೆ. ಷರತ್ತಿಲ್ಲದ ಪತ್ರಕ್ಕೆ ಈ ಪ್ರಕರಣದ ಆಸರೆ ದೊರೆಯದೆಂದು ಸುಪ್ರೀಂ ಕೋರ್ಟು 2022ನೆಯ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. 2025ನೆಯ ಜನವರಿಯಲ್ಲಿ ಅದೇ ನ್ಯಾಯಾಲಯವು ಈ ಕಾನೂನನ್ನು ವೃದ್ಧರ ಹಿತಕ್ಕೆ ಅನುಗುಣವಾಗಿ ಉದಾರವಾಗಿ ಅರ್ಥೈಸಬೇಕೆಂದು ಹೇಳಿ ಒಂದು ದಾನಪತ್ರವನ್ನು ರದ್ದುಪಡಿಸಿತಾದರೂ, ಒಂದು ಸಾಲು ಬರೆಯಿಸುವ ಶ್ರಮಕ್ಕೆ ಹಿಂಜರಿದು ಕೋರ್ಟಿನ ಕರುಣೆಯನ್ನು ನೆಚ್ಚುವುದು ವಿವೇಕವಲ್ಲ. ಪತ್ರಕ್ಕೆ ಸಾಕ್ಷಿ ಹಾಕಲು ಕರೆದಾಗ, ಈ ಷರತ್ತು ಇದೆಯೇ ಎಂದು ಕೇಳದೆ ಮುಖಂಡರು ರುಜು ಹಾಕದಿರಲಿ.

ಎರಡನೆಯದಾಗಿ, ಊರಿನಲ್ಲಿ 60 ವರ್ಷ ದಾಟಿದವರ ಒಂದು ಪಟ್ಟಿ ಇರಲಿ. ಮಾಸಾಶನ ಬರುತ್ತಿದೆಯೇ, ನಿಂತಿದೆಯೇ, ಮನೆಯಲ್ಲಿ ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಅದರಲ್ಲಿ ಬರೆದಿಟ್ಟು, ಗ್ರಾಮಸಭೆ ಸೇರಿದಾಗಲೆಲ್ಲಾ ಪಂಚಾಯಿತಿಯವರ ಗಮನಕ್ಕೆ ತರಬೇಕು. ಗಂಡನನ್ನು ಕಳೆದುಕೊಂಡ ವೃದ್ಧೆಯರನ್ನು ವಿಶೇಷವಾಗಿ ನೆನೆಯಬೇಕು. ಪಹಣಿಯಲ್ಲಿ ಅವರ ಹೆಸರು ಮೊದಲಿನಿಂದಲೂ ಇಲ್ಲದಿರುವುದೇ ಹೆಚ್ಚು.

ಮೂರನೆಯದಾಗಿ, ಜಮೀನುದಾರರು ತಮ್ಮ ಹೊಲದಲ್ಲಿ ದುಡಿದು ಮುದುಕರಾದ ಆಳುಗಳ ಹೊಣೆಯನ್ನು ಮರೆಯಬಾರದು. ಮೇಯುವ ಶಕ್ತಿಯಿಲ್ಲದ ಎತ್ತಿಗೂ ಹುಲ್ಲು ಹಾಕುವ ಮರ್ಯಾದೆ ನಮ್ಮ ರೈತರಲ್ಲಿ ಉಂಟು. ಮೂವತ್ತು ವರ್ಷ ಕಳೆ ಕಿತ್ತ ಮನುಷ್ಯನನ್ನು ಒಂದು ದಿನ ತಮ್ಮ ಗಾಡಿಯಲ್ಲಿ ಕೂರಿಸಿಕೊಂಡು ನಾಡಕಚೇರಿಗೂ ಬ್ಯಾಂಕಿಗೂ ಕರೆದುಕೊಂಡು ಹೋಗುವುದು ದೊಡ್ಡ ಮಾತಲ್ಲ.

ಕಡೆಯದಾಗಿ, ಅರ್ಜಿಗೆ ಮುಂಚೆ ಸಮಾಧಾನವನ್ನು ಪ್ರಯತ್ನಿಸಬೇಕು. ಆದರೆ ಸಮಾಧಾನದ ಹೆಸರಿನಲ್ಲಿ ವೃದ್ಧರನ್ನು ಸುಮ್ಮನಿರಿಸಬಾರದು. ತೀರ್ಮಾನವನ್ನು ಕಾಗದದಲ್ಲಿ ಬರೆದು, ತಪ್ಪಿದರೆ ಅರ್ಜಿಯನ್ನು ತಾವೇ ಮುಂದೆ ನಿಂತು ಕೊಡಿಸುವೆವೆಂದು ಮಕ್ಕಳಿಗೆ ತಿಳಿಸಬೇಕು.

ಮೇಲೆ ಹೇಳಿದ ಗ್ರಾಮದಲ್ಲಿ ಹೀಗೆಯೇ ನಡೆಯಿತು. ಮುಖಂಡರು ಇಬ್ಬರು ಮಕ್ಕಳನ್ನೂ ಕರೆಯಿಸಿ ಕೂರಿಸಿದರು. ದೊಡ್ಡ ಮಗನು ತಿಂಗಳಿಗಿಷ್ಟೆಂದು ಹಣ ಕಳುಹಿಸಲು ಒಪ್ಪಿದನು. ಊಟವು ಚಿಕ್ಕವನ ಮನೆಯಲ್ಲಿಯೇ ಖಾಯಂ ಆಯಿತು. ಮಾಸಾಶನದ ಅರ್ಜಿಯೂ ಹೋಗಿದೆ. ಜಮೀನು ಮಾತ್ರ ಹಿಂದಕ್ಕೆ ಬರಲಿಲ್ಲ. ಷರತ್ತಿಲ್ಲದ ಆ ಪತ್ರವು ನನ್ನ ಅರ್ಧ ಬುದ್ಧಿವಾದಕ್ಕೆ ಸಾಕ್ಷಿಯಾಗಿ ಉಳಿದಿದೆ. ಈಗ ಯಾವ ಗ್ರಾಮಕ್ಕೆ ಹೋದರೂ ಖಾತೆಯ ಮಾತಿನೊಡನೆ ಷರತ್ತಿನ ಮಾತನ್ನೂ ಹೇಳುತ್ತೇನೆ. ಮುಖಂಡರೂ ಅದನ್ನೇ ಹೇಳುವರೆಂದು ನಂಬಿದ್ದೇನೆ.