ಟೂತ್‌ಪೇಸ್ಟಿನ ಹಾಡು, ಕನ್ನಡದ ಪಾಡು

ಮೊನ್ನೆ ರಾಜಾಜಿನಗರದ ಪಾರ್ಕಲ್ಲಿ ಹಿರಿಯರೊಬ್ಬರು ಶುರು ಹಚ್ಚಿಕೊಂಡರು. "ನಮ್ಮ ಕಾಲದ ರೇಡಿಯೋನೇ ರೇಡಿಯೋ ಕಣಪ್ಪಾ. ಈಗ ಬರೀ ಜಾಹೀರಾತು!" ಅವರು ನೆನೆಸಿಕೊಂಡಿದ್ದು ಯಾವ ಕಾರ್ಯಕ್ರಮ ಅಂತೀರಾ? ಬಿನಾಕಾ ಗೀತಮಾಲಾ!

ಅಲ್ಲಾ ಸ್ವಾಮಿ, ಬಿನಾಕಾ ಅಂದ್ರೆ ಟೂತ್‌ಪೇಸ್ಟು! 1952ರಲ್ಲಿ ಪ್ರಸಾರ ಮಂತ್ರಿ ಕೇಸ್ಕರ್ ಆಕಾಶವಾಣಿಯಲ್ಲಿ ಸಿನಿಮಾ ಹಾಡಿಗೆ ಕತ್ತರಿ ಹಾಕಿದ್ರು. ಅದೇ ವರ್ಷ ಆ ಪೇಸ್ಟಿನ ದುಡ್ಡಲ್ಲಿ ಅಮೀನ್ ಸಯಾನಿ ರೇಡಿಯೋ ಸಿಲೋನ್‌ನಲ್ಲಿ ಮಾತು ಶುರು ಮಾಡಿದ್ರು. ಬುಧವಾರ ರಾತ್ರಿ ಆದ್ರೆ ಸಾಕು, ಜನ ರೇಡಿಯೋ ಮುಂದೆ. ಕೊನೆಗೆ ಸರ್ಕಾರವೇ ಮಣಿದು 1957ರಲ್ಲಿ ವಿವಿಧ ಭಾರತಿ ತಂತು. 1967ರಲ್ಲಿ ಅದಕ್ಕೂ ಜಾಹೀರಾತು ಬಂತು.

ಹಾಗಾಗಿ ಜಾಹೀರಾತನ್ನ ಬಯ್ಯೋದು ಬಿಡಿ. ದುಡ್ಡು ಹಾಕೋನಿಗೆ ಭಾಷೆ ಮೇಲೆ ಪ್ರೀತಿನೂ ಇಲ್ಲ, ದ್ವೇಷನೂ ಇಲ್ಲ. ಅವನು ಎಣಿಸೋದು ಕಿವಿಗಳನ್ನ. ಗೀತಮಾಲಾಗೆ ಮೂಟೆಗಟ್ಟಲೆ ಕಾಗದ ಬರ್ತಿದ್ವು, ಎಲ್ಲ ಹಿಂದಿ ಹಾಡಿನ ಬಗ್ಗೆ.

2001ರಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ನಮ್ಮ ಬೆಂಗಳೂರಲ್ಲೇ ಶುರುವಾಯ್ತು. ಆಮೇಲೆ ವರ್ಷಗಟ್ಟಲೆ ಕೇಳಿದ್ದು ಒಂದೇ ರಾಗ: "ಕನ್ನಡ ಹಾಕಿದ್ರೆ ಜಾಹೀರಾತು ಸಿಗಲ್ಲ." ಕನ್ನಡಿಗರು ಪಟ್ಟು ಹಿಡಿದ್ರು ನೋಡಿ, ಇದೇ ಊರಲ್ಲಿ ಬರೀ ಕನ್ನಡ ಹಾಡನ್ನೇ ನೆಚ್ಚಿಕೊಂಡ ಸ್ಟೇಷನ್‌ಗಳು ಬಂದ್ವು!

ವಿಜಯನಗರದ ಅಂಗಡೀಲೋ ಕೆಂಗೇರಿ ಕಡೆ ಹೋಗೋ ಕ್ಯಾಬಲ್ಲೋ ಹಿಂದಿ ಹಾಡು ಬಂದ್ರೆ ಸುಮ್ನೆ ಗೊಣಗಬೇಡಿ. "ಕನ್ನಡ ಹಾಡು ಹಾಕಿ" ಅನ್ನಿ. ಸ್ಟೇಷನ್‌ಗೆ ಫೋನ್ ಮಾಡಿದ್ರೆ ಕನ್ನಡದಲ್ಲೇ ಮಾತಾಡಿ.

ನಾವು ಕೇಳದಿದ್ರೆ ಯಾರೂ ಕೇಳಿಸಲ್ಲ. ಏನಂತೀರಾ?