ಹಳೆಯ ಲ್ಯಾಪ್‌ಟಾಪಿಗೂ ಕಲಾಯಿ ಹಾಕಬಹುದು

ಮಕ್ಕಳೇ, ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವುದನ್ನು ನೀವು ನೋಡಿದ್ದೀರಾ? ಇಲ್ಲವಾದರೆ ಅಜ್ಜಿಯನ್ನು ಕೇಳಿ. ವರ್ಷಗಟ್ಟಲೆ ಬಳಸಿದ ಪಾತ್ರೆಯ ಒಳಗಿನ ತವರದ ಲೇಪ ಸವೆದುಹೋದರೆ, ಅದರಲ್ಲಿಟ್ಟ ಹುಳಿ ಕಿಲುಬುತ್ತದೆ. ಹಾಗೆಂದು ಯಾರೂ ಪಾತ್ರೆಯನ್ನು ತಿಪ್ಪೆಗೆ ಎಸೆಯುತ್ತಿರಲಿಲ್ಲ. ಕಲಾಯಿಯವನು ಬಂದಾಗ ಹೊಸದಾಗಿ ತವರ ಹಚ್ಚಿಸಿ ಮತ್ತೆ ಒಲೆಗೇರಿಸುತ್ತಿದ್ದರು. ಲೋಹದ ವಿಗ್ರಹಗಳಿಗೆ ಹೆಸರಾದ ನಾಗಮಂಗಲದ ಮಕ್ಕಳಿಗಂತೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ!

ಹತ್ತು ಹನ್ನೆರಡು ವರ್ಷ ಹಳೆಯದಾದ ಲ್ಯಾಪ್‌ಟಾಪಿನ ಕಥೆಯೂ ಹೀಗೆಯೇ. ಶಾಲೆಯ ಬೀರುವಿನಲ್ಲೋ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಣ್ಣನ ಮನೆಯ ಅಟ್ಟದಲ್ಲೋ ಅಂಥದೊಂದು ದೂಳು ತಿನ್ನುತ್ತಿರಬಹುದು. ಕೇಳಿದರೆ ‘ಅದು ಸ್ಲೋ, ಕೆಟ್ಟುಹೋಗಿದೆ’ ಎನ್ನುತ್ತಾರೆ. ನಿಧಾನವಾಗುವುದು ಬೇರೆ, ಕೆಡುವುದು ಬೇರೆ. ಅನೇಕ ಸಲ ಯಂತ್ರಾಂಶ ಗಟ್ಟಿಯಾಗಿಯೇ ಇರುತ್ತದೆ. ಅದರ ಮೇಲೆ ಹೇರಿದ ತಂತ್ರಾಂಶ ಮಾತ್ರ ವರ್ಷದಿಂದ ವರ್ಷಕ್ಕೆ ಭಾರವಾಗಿರುತ್ತದೆ. ವಯಸ್ಸಾದ ಎತ್ತಿಗೆ ಕಬ್ಬಿನ ಗಾಡಿ ಕಟ್ಟಿದರೆ ಪಾಂಡವಪುರದ ಏರಿನಲ್ಲಿ ನಿಂತುಬಿಡುತ್ತದೆ. ಅದೇ ಎತ್ತು ಹುಲ್ಲಿನ ಹೊರೆಯನ್ನು ಆರಾಮವಾಗಿ ಎಳೆದೀತು.

ಗಣಕಯಂತ್ರ ಏಕೆ ನಿಧಾನವಾಗುತ್ತದೆ? ನಿಮ್ಮ ಡೆಸ್ಕನ್ನೇ ನೋಡಿ. ಎರಡು ಪುಸ್ತಕ ಬಿಚ್ಚಿಡುವಷ್ಟು ಜಾಗವಿದ್ದು, ಹತ್ತು ಪುಸ್ತಕ ಬೇಕಾದರೆ ಏನು ಮಾಡುತ್ತೀರಿ? ಒಂದನ್ನು ಚೀಲಕ್ಕೆ ಹಾಕಿ ಇನ್ನೊಂದನ್ನು ತೆಗೆಯುತ್ತಲೇ ಇರಬೇಕಾಗುತ್ತದೆ. ಗಣಕದ ಡೆಸ್ಕು ಎಂದರೆ ರ‍್ಯಾಮ್, ಚೀಲವೆಂದರೆ ಹಾರ್ಡ್ ಡಿಸ್ಕ್. ರ‍್ಯಾಮ್ ತುಂಬಿದಾಗ ಮಾಹಿತಿಯನ್ನು ಡಿಸ್ಕಿಗೆ ಸಾಗಿಸಿ ಮತ್ತೆ ತರಬೇಕು. ಡಿಸ್ಕು ರ‍್ಯಾಮ್‌ಗಿಂತ ಬಹಳ ನಿಧಾನ. ಅದಕ್ಕೇ ಪರದೆ ಕಲ್ಲಿನಂತೆ ನಿಂತುಬಿಡುವುದು.

ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು. ಹಳೆಯ ಯಂತ್ರಗಳು ಇದನ್ನು ಎಲ್ಲಿಂದ ತರಬೇಕು? ವಿಂಡೋಸ್ 7ಕ್ಕೆ ಕಂಪನಿಯ ಬೆಂಬಲ 2020ರ ಜನವರಿಯಲ್ಲಿ ನಿಂತಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೀಗೆ, ಓಡುವ ಗಾಡಿಗೇ ರಸ್ತೆ ಮುಚ್ಚಿದಂತಾಯಿತು. ಇದನ್ನು ಒಪ್ಪಿಕೊಂಡು ಸುಮ್ಮನಿರಬೇಕಾಗಿಲ್ಲ ಎಂಬುದು ನನ್ನ ವಾದ.

1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ, 21 ವರ್ಷದ ಲೀನಸ್ ಟೋರ್ವಾಲ್ಡ್ಸ್ ತನ್ನ ಮನೆಯ ಗಣಕಕ್ಕಾಗಿ ಒಂದು ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನು ಬರೆದ. ಅದೇ ಲಿನಕ್ಸ್. ಅದನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಹೀಗಾಗಿ ಬೇರೆ ಬೇರೆ ದೇಶಗಳ ಜನ ತಮಗೆ ಬೇಕಾದಂತೆ ಹಲವು ರೂಪಗಳನ್ನು ಕಟ್ಟಿದರು. ಅವುಗಳಲ್ಲಿ ಲುಬುಂಟು, ಪಪ್ಪಿ, ಆಂಟಿಕ್ಸ್ ಮುಂತಾದವು ಹಗುರ ರೂಪಗಳು. ಇವುಗಳಲ್ಲಿ ಕಿಟಕಿಗಳ ನೆರಳು, ಜಾರಾಟ, ಹಿನ್ನೆಲೆಯಲ್ಲಿ ಓಡುವ ಹತ್ತಾರು ಸಹಾಯಕ ಕೆಲಸಗಳು ಕಡಿಮೆ. ಡೆಸ್ಕಿನ ಮೇಲೆ ಬೇಕಾದ ಪುಸ್ತಕ ಮಾತ್ರ!

ಅಳವಡಿಸುವುದು ಕಷ್ಟವೇ? ಶಿಕ್ಷಕರ ಜೊತೆ ಕುಳಿತರೆ ಒಂದು ಮಧ್ಯಾಹ್ನದ ಕೆಲಸ. ಮೊದಲು ಯಂತ್ರದಲ್ಲಿರುವ ಫೋಟೋ, ಪಾಠ, ಅಂಕಪಟ್ಟಿಗಳನ್ನೆಲ್ಲ ಬೇರೆ ಕಡೆ ನಕಲು ಮಾಡಿಡಬೇಕು. ಈ ಹೆಜ್ಜೆಯನ್ನು ಬಿಡಲೇಬಾರದು, ಏಕೆಂದರೆ ‘ಡಿಸ್ಕ್ ಅಳಿಸು’ ಎಂಬುದನ್ನು ಒತ್ತಿದ ಮೇಲೆ ಅವು ಮರಳಿ ಸಿಗುವ ಭರವಸೆ ಇಲ್ಲ. ಆಮೇಲೆ ಲಿನಕ್ಸ್ ಕಡತವನ್ನು ಪೆನ್‌ಡ್ರೈವಿಗೆ ಬರೆದು, ಅದರಿಂದಲೇ ಯಂತ್ರವನ್ನು ಚಾಲೂ ಮಾಡಬೇಕು. ಇಲ್ಲೊಂದು ಸೊಗಸಿದೆ. ಡಿಸ್ಕನ್ನು ಮುಟ್ಟದೆ, ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಬಹುದು. ವೈಫೈ ಸಿಗುತ್ತದೆಯೇ, ಸದ್ದು ಬರುತ್ತದೆಯೇ, ಕೀಲಿಗಳೆಲ್ಲ ಕೆಲಸ ಮಾಡುತ್ತವೆಯೇ ಎಂದು ಪರೀಕ್ಷಿಸಿ, ಒಪ್ಪಿಗೆಯಾದರೆ ಮಾತ್ರ ಅಳವಡಿಸಿದರಾಯಿತು. ಬ್ಯಾಟರಿ ಸತ್ತ ಯಂತ್ರವಾದರೆ ಕರೆಂಟು ಖಚಿತವಾಗಿ ಇರುವ ಹೊತ್ತನ್ನೇ ಆರಿಸಿಕೊಳ್ಳಿ. ನಮ್ಮ ಹಳ್ಳಿಗಳಲ್ಲಿ ಇದು ಸಣ್ಣ ಮಾತಲ್ಲ!

ಕನ್ನಡದ ಮಾತೇನು? ಲಿನಕ್ಸ್‌ಗಾಗಿ ಸಿಗುವ ಕನ್ನಡ ಅಕ್ಷರಶೈಲಿಗಳಲ್ಲಿ ಎರಡರ ಹೆಸರು ಕೇಳಿ: ಗುಬ್ಬಿ ಮತ್ತು ನವಿಲು. ಕೀಲಿಮಣೆಯ ಆಯ್ಕೆಗಳಲ್ಲಿ ‘ಕಗಪ’ ಎಂಬ ವಿನ್ಯಾಸವೂ ಇದೆ. ನುಡಿ ತಂತ್ರಾಂಶದಲ್ಲಿ ಟೈಪು ಮಾಡಿ ಅಭ್ಯಾಸವಿರುವ ನಿಮ್ಮ ಶಿಕ್ಷಕರ ಬೆರಳಿಗೆ ಅದು ಹೊಸದೆನಿಸದು. ಇದರ ಮೂಲ ವಿನ್ಯಾಸ ಕೆ.ಪಿ. ರಾವ್ ಅವರದು. ಹಳೆಯ ನುಡಿ ಕಡತಗಳು ಮಾತ್ರ ಇಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಂಡಾವು. ಅವನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು.

‘ಹೊರಗೆಲ್ಲ ವಿಂಡೋಸ್ ಇರುವಾಗ ಮಕ್ಕಳಿಗೆ ಲಿನಕ್ಸ್ ಏಕೆ?’ ಎಂದು ದೊಡ್ಡವರು ಕೇಳುವುದುಂಟು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳನ್ನು ನೋಡಲಿ. ಕೇರಳ ಸರ್ಕಾರ 2001ರಲ್ಲಿ ಶುರುಮಾಡಿದ ಐಟಿ@ಸ್ಕೂಲ್ ಯೋಜನೆ 2017ರಲ್ಲಿ ‘ಕೈಟ್’ ಎಂಬ ಸಂಸ್ಥೆಯಾಯಿತು. ಉಬುಂಟು ಆಧಾರಿತ ಲಿನಕ್ಸನ್ನು ಅದು ಶಾಲೆಗಳಿಗೆಂದೇ ಸಿದ್ಧಪಡಿಸಿ ಕೊಡುತ್ತದೆ. ಅಲ್ಲಿನ ಐಟಿ ಪಠ್ಯಪುಸ್ತಕ ಕನ್ನಡದಲ್ಲೂ ಅಚ್ಚಾಗುತ್ತದೆ. ಗಡಿಯಾಚೆಯ ನಮ್ಮ ಭಾಷೆಯ ಮಕ್ಕಳಿಗೆ ಸಾಧ್ಯವಾದದ್ದು ಕೆ.ಆರ್. ಪೇಟೆಯ ಮಕ್ಕಳಿಗೆ ಅಸಾಧ್ಯವೇ? ಬರೆಯುವುದು, ಲೆಕ್ಕದ ಪಟ್ಟಿ ಮಾಡುವುದು, ಚಿತ್ರ ಬಿಡಿಸುವುದು ಒಂದರಲ್ಲಿ ಬಂದರೆ ಇನ್ನೊಂದರಲ್ಲೂ ಬರುತ್ತದೆ. ಸೈಕಲ್ ಕಲಿತವರು ಕಂಪನಿ ನೋಡಿ ತುಳಿಯುತ್ತಾರೆಯೇ?

ಹಾಗೆಂದು ಎಲ್ಲ ಹಳೆಯ ಯಂತ್ರಕ್ಕೂ ಮರುಜೀವ ಬರುವುದಿಲ್ಲ. ಬ್ಯಾಟರಿ ಉಬ್ಬಿದ್ದರೆ ಮುಟ್ಟಲೇಬೇಡಿ, ಬೆಂಕಿಯ ಅಪಾಯವಿದೆ. ತಕ್ಷಣ ದೊಡ್ಡವರಿಗೆ ಹೇಳಿ. ತೀರಾ ಹಳೆಯ 32 ಬಿಟ್ ಯಂತ್ರಗಳಿಗೆ ಆಯ್ಕೆಗಳೂ ಕಡಿಮೆಯಾಗುತ್ತಿವೆ. ಪ್ರಸಿದ್ಧ ಡೆಬಿಯನ್ ಕೂಡ 2025ರ ತನ್ನ 13ನೇ ಆವೃತ್ತಿಯಲ್ಲಿ ಅವುಗಳಿಗೆ ಅಳವಡಿಕೆ ಕಡತ ಕೊಡುವುದನ್ನು ನಿಲ್ಲಿಸಿತು. 2023ರ ಆಂಟಿಕ್ಸ್‌ನಲ್ಲಿ ಅಂಥ ಯಂತ್ರಗಳಿಗೂ ಒಂದು ರೂಪವಿದೆ. ಇನ್ನು ವೆಬ್ ಪುಟಗಳೇ ಭಾರವಾಗಿವೆ. 2 ಜಿಬಿ ರ‍್ಯಾಮ್‌ನಲ್ಲಿ ಹತ್ತು ಪುಟ ಒಟ್ಟಿಗೆ ತೆರೆದರೆ ಲಿನಕ್ಸ್ ಕೂಡ ಏದುಸಿರು ಬಿಟ್ಟೀತು. ಆದರೆ ಟಕ್ಸ್ ಪೇಂಟ್‌ನಲ್ಲಿ ಚಿತ್ರ ಬರೆಯಲು, ಜೀಕಾಂಪ್ರಿಯಲ್ಲಿ ಲೆಕ್ಕದ ಆಟವಾಡಲು ಇಂಟರ್‌ನೆಟ್ಟೇ ಬೇಕಾಗಿಲ್ಲ.

2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ವಿದ್ಯುನ್ಮಾನ ಕಸ ಉಂಟಾಯಿತು ಎಂದು ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ವರದಿ ಹೇಳುತ್ತದೆ. ಸರಿಯಾಗಿ ಸಂಗ್ರಹಿಸಿ ಮರುಬಳಕೆಗೆ ಕಳಿಸಿದ್ದು ಅದರ ಕಾಲುಭಾಗಕ್ಕಿಂತ ಕಡಿಮೆ. ಈ ರಾಶಿಗೆ ನಮ್ಮ ಬೀರುವಿನದನ್ನೂ ಸೇರಿಸುವ ಮೊದಲು ಒಮ್ಮೆ ಯೋಚಿಸಬೇಡವೇ?

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲೂಕುಗಳ ಶಾಲೆಗಳಲ್ಲಿ ಒಂದು ಕೆಲಸ ಮಾಡಬಹುದು. ಮುಖ್ಯ ಶಿಕ್ಷಕರ ಅನುಮತಿ ಪಡೆದು, ಬೀರುವಿನಲ್ಲಿರುವ ಪ್ರತಿ ಯಂತ್ರದ ರ‍್ಯಾಮ್ ಎಷ್ಟು, ಡಿಸ್ಕ್ ಎಷ್ಟು, 32 ಬಿಟ್ಟೋ 64 ಬಿಟ್ಟೋ, ಬ್ಯಾಟರಿ ಹೇಗಿದೆ ಎಂದು ಒಂದು ಹಾಳೆಯಲ್ಲಿ ಪಟ್ಟಿ ಮಾಡಿ. ದಾಸ್ತಾನು ಪುಸ್ತಕದಲ್ಲಿ ‘ನಿರುಪಯುಕ್ತ’ ಎಂದು ಬರೆಯುವ ಮೊದಲು ಆ ಹಾಳೆ ಶಿಕ್ಷಕರ ಕೈಯಲ್ಲಿರಲಿ.